ಅಪ್ಪನ ಕಂಚಿನ ಬಟ್ಟಲು

ಅಪ್ಪ ತೀರಿಕೊಂಡಾಗ ಅವರಿಗೆ ಐವತ್ತನಾಲ್ಕು. ಅಜ್ಜ ಹೋದದ್ದೂ ಅದೇ ಪ್ರಾಯದಲ್ಲಿ. ಇಬ್ಬರಿಗೂ ಸಕ್ಕರೆ ಕಾಯಿಲೆ, ಕೊನೆಗೆ ಹೃದಯಾಘಾತ. ಹಾಗಾಗಿ ಐವತ್ತೊಂದರಲ್ಲಿ ನನಗೂ ಶುಗರ್ ಬಂದಾಗ, ಇನ್ನು ಮೂರು ವರ್ಷ ಎಂದುಕೊಂಡು ಸುಮ್ಮನಾದೆ. ರಕ್ತದಲ್ಲೇ ಇರುವುದಕ್ಕೆ ಯಾರೇನು ಮಾಡಲಾದೀತು ಎಂದು ಹೆಂಡತಿಯ ಬಾಯಿ ಮುಚ್ಚಿಸುತ್ತಿದ್ದೆ.

ಪಥ್ಯ ಮಾಡುತ್ತಿರಲಿಲ್ಲ ಎಂದಲ್ಲ. ಬಂದ್ಯೋಡಿನಲ್ಲಿ ನನ್ನದು ಪೈಂಟಿನ ಅಂಗಡಿ, ದಿನವಿಡೀ ಕುರ್ಚಿ. ನನ್ನ ಮುಖ ಕಂಡೊಡನೆ ಎದುರಿನ ಹೋಟೆಲಿನವನು "ಒಂದು ವಿತೌಟ್" ಎಂದು ಒಳಗೆ ಕೂಗುತ್ತಿದ್ದ. ಸಕ್ಕರೆ ಹಾಕದ ಚಾಕ್ಕೆ ನಮ್ಮಲ್ಲಿ ಅದೇ ಹೆಸರು. ಅದರ ಜೊತೆ ಎಣ್ಣೆಯಲ್ಲಿ ಕರಿದ ಎರಡು ಗೋಳಿಬಜೆ. ಎರಡು ಹೊತ್ತೂ ಅಪ್ಪನ ಕಂಚಿನ ಬಟ್ಟಲಿನಲ್ಲಿ ಕುಚ್ಚಲಕ್ಕಿ ಗಂಜಿ. ಆ ಬಟ್ಟಲು ನಮ್ಮ ಮನೆಯಲ್ಲಿ ತಂದೆಯಿಂದ ಹಿರಿಮಗನಿಗೆ ಬರುವಂಥದ್ದು. ಅಂಚಿನವರೆಗೆ ಬಡಿಸಬೇಕು, ಒಂದು ಅಗುಳೂ ಬಿಡಬಾರದು. ಜ್ವರ ಬಂದವರೂ ಉಣ್ಣುವ ಗಂಜಿಯಿಂದ ಎಂತ ಆಗುವುದು ಎಂಬುದು ನನ್ನ ಮಹಾಪಾಂಡಿತ್ಯ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳಿಗೆ ಎರಡನೆಯ ಬಸಿರಿನಲ್ಲೇ ಶುಗರ್ ಕಾಣಿಸಿ ಹೋಗಿತ್ತು. ಅಂಗನವಾಡಿ ಟೀಚರ್, ದಿನಾ ಗುಡ್ಡ ಹತ್ತಿ ಇಳಿಯುವವಳು. ಸಣ್ಣ ಸ್ಟೀಲಿನ ತಟ್ಟೆಯಲ್ಲಿ ಒಂದು ಸೌಟು ಗಂಜಿ, ಉಳಿದ ಜಾಗದಲ್ಲೆಲ್ಲ ಹುರುಳಿ, ಬಸಳೆ. ಜಿಪುಣಿ ಎಂದು ಗೇಲಿ ಮಾಡುತ್ತಿದ್ದೆ. ಅಷ್ಟೂ ವರ್ಷ ಅವಳು ಯಾರಿಗೂ ಉಪದೇಶ ಮಾಡದೆ ತನ್ನ ಪಾಡಿಗೆ ಹಾಗೆ ಬದುಕಿದಳಲ್ಲ, ನೆನೆದರೆ ನನಗೆ ಹೆಮ್ಮೆ, ಒಟ್ಟಿಗೆ ನಾಚಿಕೆ.

ಒಂದು ದಿನ ಅವಳೇ ನನ್ನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. "ನಮ್ಮ ಮನೆತನವೇ ಹಾಗೆ ಡಾಕ್ಟ್ರೇ" ಎಂದೆ.

ಡಾಕ್ಟರಮ್ಮ ಇಬ್ಬರ ರಿಪೋರ್ಟನ್ನೂ ನೋಡಿದರು. "ಅಕ್ಕನದ್ದೂ ಅದೇ ಮನೆತನ ಅಲ್ಲವಾ? ರಕ್ತದಲ್ಲಿ ಬಂದದ್ದು ಇಬ್ಬರಿಗೂ ಉಂಟು. ಅಪ್ಪನಿಂದ ನಿಮಗೆ ಮತ್ತೆ ಎಂತೆಲ್ಲ ಬಂದಿದೆ, ಅದು ಹೇಳಿ."

"ಬಟ್ಟಲು" ಎಂದಳು ಅಕ್ಕ.

ನನ್ನ ಮನೆಗೆ ಬಂದವಳೇ ಅಡುಗೆಮನೆಗೆ ನುಗ್ಗಿ ಬಟ್ಟಲು ಎತ್ತಿಕೊಂಡಳು. "ಅಪ್ಪನ ಜಾಗದಲ್ಲಿ ನಾನು ಪಾಲು ಕೇಳಲಿಲ್ಲ. ಈಗ ಇದೊಂದು ಕೊಡು."

ನನಗೆ ಸಿಟ್ಟು ನೆತ್ತಿಗೇರಿತು. "ಅದು ಗಂಡುಮಕ್ಕಳಿಗೆ ಬರುವುದು."

"ಹೌದು ಮಾರಾಯ. ಅದಕ್ಕೇ ನಾನಿನ್ನೂ ಗಟ್ಟಿ ಇರುವುದು."

ಬಟ್ಟಲು ಅವಳ ಕಪಾಟು ಸೇರಿತು. ನನ್ನ ಮಗ ಕೇಳಿದರೂ ಕೊಡುವುದಿಲ್ಲವಂತೆ. ಅಂದಿನಿಂದ ಮಾತ್ರೆ ತಪ್ಪಿಸಿಲ್ಲ. ಬೆಳಿಗ್ಗೆ ಅವಳ ಹಿಂದೆ ಏದುಸಿರು ಬಿಡುತ್ತಾ ಗುಡ್ಡ ಹತ್ತುತ್ತೇನೆ. ಮೊನ್ನೆ ಐವತ್ತೈದು ತುಂಬಿದ ದಿನ ಅವಳ ಮನೆಯಲ್ಲೇ ಊಟ. ಸಣ್ಣ ತಟ್ಟೆಗೆ ಒಂದು ಸೌಟು ಗಂಜಿ ಬಡಿಸಿ, ಸೌಟು ಹಿಡಿದುಕೊಂಡೇ ನನ್ನನ್ನು ನೋಡುತ್ತಾ ನಿಂತಳು.

"ನೀನೀಗ ಅಪ್ಪನಿಗಿಂತ ದೊಡ್ಡವ" ಎಂದಳು.