ಮೂರನೇ ಸೀಸನ್ನಿನ ನಲವತ್ತೊಂದನೇ ಅಂಕ

ನಮ್ಮ ಬಾಸ್ಕೆಟ್‌ಬಾಲ್ ಲೀಗಿಗೆ ಹತ್ತನೇ ಸೀಸನ್ ಬಂತು, ಒಂದೊಂದು ಸೀಸನ್ನಿನ ಕಥೆಯನ್ನೂ ಸೇರಿಸಿ ಸಣ್ಣ ಪುಸ್ತಕ ಮಾಡೋಣ ಎಂದು ಸಮಿತಿಯವರು ತೀರ್ಮಾನಿಸಿದರು. ಬರೆಯುವ ಕೆಲಸ ನನ್ನ ತಲೆಗೆ ಬಂತು. ಬರದೆ ಎಲ್ಲಿ ಹೋದೀತು? ದಾವಣಗೆರೆಯಲ್ಲಿ ದೈಹಿಕ ಶಿಕ್ಷಣದ ಟೀಚರಾಗಿ ನಿವೃತ್ತಳಾದವಳು ನಾನು. ಮೊದಲ ಸೀಸನ್ನಿನಿಂದ ಅಂಕ ಬರೆಯುವ ಮೇಜಿನ ಹಿಂದೆ ಕೂತವಳೂ ನಾನೇ. ಎಲ್ಲ ಪಂದ್ಯಗಳ ಅಂಕದ ಹಾಳೆಗಳು ನಮ್ಮ ಮನೆಯ ಅಲ್ಮೆರಾದಲ್ಲಿ, ಸೀರೆಗಳ ಕೆಳಗಿವೆ. ಯಾರಾದರೂ ಕೇಳಿದರೆ ಸೀರೆ ಕೊಟ್ಟೇನು, ಹಾಳೆ ಕೊಡಲಾರೆ.

ಮೊದಲ ಸೀಸನ್ನಿನಲ್ಲಿ ನಾಲ್ಕೇ ತಂಡ. ಆಟಗಾರರಿಗೆ ಸಂಭಾವನೆ ಉಂಟು ಎಂಬ ಒಂದೇ ಕಾರಣಕ್ಕೆ ಬ್ಯಾನರಿನಲ್ಲಿ ‘ವೃತ್ತಿಪರ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಉದ್ಘಾಟನೆಯ ದಿನ ಹರಿಹರದ ಅಂಕಣಕ್ಕೆ ಹೋಗಿ ನೋಡಿದರೆ ಈ ರಿಂಗಿನಿಂದ ಆ ರಿಂಗಿನವರೆಗೆ ಮೆಕ್ಕೆಜೋಳ ಒಣಹಾಕಿದ್ದಾರೆ. ಅಂಥ ನುಣ್ಣನೆಯ ಸಿಮೆಂಟ್ ನೆಲ ರೈತರಿಗೆ ಇನ್ನೆಲ್ಲಿ ಸಿಗಬೇಕು? ಜೋಳ ಒಣಗುವವರೆಗೆ ನಾವೇ ಕಾದೆವು. ಆಮೇಲೆ ಅದೇ ರೂಢಿಯಾಯಿತು: ಜೋಳ ಎದ್ದ ಮೇಲೆಯೇ ಲೀಗ್. ಎರಡನೇ ಸೀಸನ್ನಿನಲ್ಲಿ ಕಸಬರಿಗೆಗೆ ಸಿಗದೆ ಉಳಿದ ಕಾಳಿನ ಮೇಲೆ ಕಾಲಿಟ್ಟು ರೆಫರಿಯೇ ಜಾರಿ ಬಿದ್ದರು. ಎರಡೂ ತಂಡದವರು ಸೇರಿ ಎಬ್ಬಿಸಿದರು.

ಮೂರನೇ ಸೀಸನ್ನಿಗೆ ಬಂದಾಗ ನನ್ನ ಪೆನ್ನು ನಿಂತಿತು.

ಆ ವರ್ಷದ ಫೈನಲ್ ದಾವಣಗೆರೆಯಲ್ಲಿ, ನಮ್ಮೂರಿನ ತಂಡಕ್ಕೂ ಹರಿಹರದ ತಂಡಕ್ಕೂ. ಅರವತ್ತೊಂದು–ಅರವತ್ತು, ನಮ್ಮೂರು ಗೆದ್ದಿತು. ಹರಿಹರದ ನಾಯಕ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಮನುಷ್ಯ. ಒಂದು ಅಂಕ ಹಿಂದಿದ್ದೇವೆಂದು ಕೊನೆಯ ಕ್ಷಣದಲ್ಲಿ ದೂರದಿಂದ ಅವಸರದಲ್ಲಿ ಎಸೆದು ತಪ್ಪಿದ. ಕಪ್ ಕಳೆದವನು ಇವನೇ ಎಂದು ಅವನ ಊರೇ ಆಡಿಕೊಂಡಿತು.

ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದೆ. ಹರಿಹರದ ಸಾಲಿನಲ್ಲಿ ಅಚ್ಚಾಗಿದ್ದ ನಲವತ್ತೊಂದರ ಮೇಲೆ ಎಣ್ಣೆಯ ಕಲೆ. ನಮ್ಮಲ್ಲಿ ಅರ್ಧ ಆಟ ಮುಗಿದೊಡನೆ ಮೇಜಿಗೆ ಮಂಡಕ್ಕಿ, ಮಿರ್ಚಿ ಬಜ್ಜಿ ಬರಲೇಬೇಕು. ಆಟ ಶುರುವಾದರೂ ನನ್ನ ಎಡಗೈಯಲ್ಲಿ ಮಿರ್ಚಿ ಇರುತ್ತಿತ್ತು. ಫೌಲಿಗೆ ಸಿಗುವ ಒಂದಂಕದ ಎಸೆತ, ಫ್ರೀ ಥ್ರೋ, ಒಳಗೆ ಹೋದರೆ ಆ ಅಂಕದ ಮೇಲೆ ಒಂದು ತುಂಬಿದ ಚುಕ್ಕೆ ಇಡಬೇಕು. ನಲವತ್ತೊಂದರ ಮೇಲೆ ಚುಕ್ಕೆ ಇರಲಿಲ್ಲ. ಉಗುರಿನಿಂದ ಸವರಿದೆ. ತಗ್ಗು ಸಿಕ್ಕಿತು, ಸಣ್ಣಗೆ, ದುಂಡಗೆ. ಪೆನ್ನು ಒತ್ತಿದ್ದೆ, ಎಣ್ಣೆಯ ಮೇಲೆ ಶಾಯಿ ಹತ್ತಿರಲಿಲ್ಲ. ಮುಂದಿನ ಎರಡು ಅಂಕವನ್ನು ನಲವತ್ತಕ್ಕೆ ಸೇರಿಸಿ ನಲವತ್ತೆರಡು ಎಂದು ಗೀಟು ಹಾಕಿದ್ದೆ. ಅದು ನಲವತ್ತಮೂರು ಆಗಬೇಕಿತ್ತು. ಫೈನಲ್ ಸಮವಾಗಿತ್ತು. ನಿಯಮದಂತೆ ಇನ್ನೂ ಐದು ನಿಮಿಷ ಆಡಿಸಬೇಕಾಗಿದ್ದ ಆಟವನ್ನು ನಾನು ಮುಗಿಸಿಬಿಟ್ಟಿದ್ದೆ.

ಅಂದು ನಡೆದ ಜಗಳ ಆಗ ನೆನಪಾಯಿತು. ಅಂಕದ ಬೋರ್ಡ್ ತಿರುಗಿಸುವವರು ನಮ್ಮ ತಂಡಗಳ ಜರ್ಸಿ ಹೊಲಿಯುವ ಟೇಲರ್ ಸಾಹೇಬರು. ಅವರು ಬೋರ್ಡಿನಲ್ಲಿ ನಲವತ್ತಮೂರು ತೋರಿಸಿದ್ದರು. ನಾನು ಹಿಂದಕ್ಕೆ ತಿರುಗಿಸಿ ಎಂದೆ.

“ಒಳಗ್ ಹೋತ್ರಿ ಮೇಡಂ ಅದು. ನಾ ಕಣ್ಣಾರೆ ನೋಡೀನಿ.”

“ನಿಮ್ ಕಣ್ಣು ಸೂಜಿ ಪೋಣ್ಸಕ್ಕೆ ಇಟ್ಕಳ್ರಿ. ಇಲ್ಲಿ ಹಾಳೆ ಹೇಳಿದ್ದೇ ಲೆಕ್ಕ.”

ರೆಫರಿ ಹಾಳೆ ನೋಡಿ ನನ್ನ ಮಾತನ್ನೇ ಎತ್ತಿಹಿಡಿದರು. ಆ ಫ್ರೀ ಥ್ರೋ ಎಸೆದಿದ್ದ ನಾಯಕನೂ ಬಂದು ಬಗ್ಗಿ ನೋಡಿದ. “ಹಾಳ್ಯಾಗೆ ಇಲ್ಲ ಅಂದ್ರೆ ಇಲ್ಲ ಬಿಡ್ರಿ” ಎಂದು ಹೋದ. ಅಂಥ ಶಿಸ್ತಿನ ಆಟಗಾರ ಎಂದು ಅವನನ್ನು ಮೆಚ್ಚಿಕೊಂಡಿದ್ದೆ. ಈಗ ನಾಚಿಕೆಯಾಗುತ್ತದೆ.

ಬೇಗ ಬೇಗ ಉಳಿದ ಸೀಸನ್ನುಗಳ ಹಾಳೆ ತೆಗೆದೆ. ನಾಲ್ಕನೆಯದರಲ್ಲಿ ಕಡರನಾಯಕನಹಳ್ಳಿಯ ತಂಡ ಸೇರಿದ್ದು, ಐದನೆಯದು ಮುಗಿದ ಮೇಲೆ ರೋಗದ ಕಾಲ ಬಂದು ಎರಡು ವರ್ಷ ಆಟವೇ ಇಲ್ಲದ್ದು, ಸಾಹೇಬರು ಉಳಿದ ಜರ್ಸಿ ಬಟ್ಟೆಯಲ್ಲಿ ಊರಿಗೆಲ್ಲ ಮಾಸ್ಕ್ ಹೊಲಿದದ್ದು, ಎಲ್ಲ ಬರೆಯಬೇಕಿತ್ತು. ನಾನು ನೋಡಿದ್ದು ಒಂದನ್ನೇ. ಮೂರನೇ ಸೀಸನ್ನಿನವರೆಗೆ ಪಂದ್ಯಕ್ಕೆ ಏಳೆಂಟು ಫ್ರೀ ಥ್ರೋ ಎಸೆಯುತ್ತಿದ್ದ ಹರಿಹರದ ನಾಯಕನ ಸಾಲಿನಲ್ಲಿ ನಾಲ್ಕನೆಯದರಿಂದ ಒಂದೂ ಫ್ರೀ ಥ್ರೋ ಇಲ್ಲ. ರಿಂಗಿನ ಕೆಳಗೆ ನುಗ್ಗಿದರೆ ಫೌಲ್, ಫೌಲ್ ಆದರೆ ಗೆರೆಯ ಮೇಲೆ ಒಬ್ಬನೇ ನಿಲ್ಲಬೇಕು. ಅದಕ್ಕೆ ನುಗ್ಗುವುದನ್ನೇ ಬಿಟ್ಟಿದ್ದ. ವಯಸ್ಸಾಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆಗ ಅವನಿಗೆ ಮೂವತ್ತೂ ಆಗಿರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಸುಮ್ಮನಿದ್ದೆ ಕೂಡ. ಇಷ್ಟು ವರ್ಷ ‘ಹಾಳೆ ಮೇಡಂ’ ಎಂದು ಮೆರೆದವಳಿಗೆ ಸುಲಭವಲ್ಲ. ಮೂರನೇ ದಿನ ಮೊದಲು ಟೇಲರ್ ಅಂಗಡಿಗೆ ಹೋದೆ. ಸಾಹೇಬರು ಹಾಳೆಯನ್ನು ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು.

“ನನ್ ಕಣ್ಣು ಬಾಲಿಗೂ ಬರ್ತಾವು ಅನ್ರಿ ಹಂಗಾದ್ರೆ” ಎಂದು ಚಹಾ ತರಿಸಿದರು. ಅವರ ಕೋಪ ಅಲ್ಲಿಗೆ ಮುಗಿಯಿತು.

ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಊಟದ ಬಿಡುವಿನಲ್ಲಿ ವರ್ಕ್‌ಶಾಪಿನ ಬಾಗಿಲಿಗೆ ಬಂದ ನಾಯಕ ನನ್ನನ್ನು ಕಂಡು ಗಾಬರಿಯಾದ. ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡ. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ತಗ್ಗನ್ನು ಉಗುರಿನಿಂದ ತೋರಿಸಿದೆ. ಕೂದಲೆಳೆಯಷ್ಟು ವ್ಯತ್ಯಾಸ ಬೆರಳಲ್ಲೇ ಹಿಡಿಯುವವನು ಅವನು. ಒಮ್ಮೆ ಸವರಿದ, ಸಾಕಾಯಿತು.

“ಬಲೆ ಅಲ್ಲಾಡಿದ್ದು ನಂಗೆ ಕೇಳ್ಸಿತ್ತು ಮೇಡಂ” ಎಂದ. “ನೀವು ಹಾಳ್ಯಾಗೆ ಬರ್ದಿಲ್ಲ ಅಂದ ಮ್ಯಾಲೆ, ನಂದೇ ಭ್ರಮೆ ಅನ್ಕಂಡೆ. ಆಮ್ಯಾಲಿಂದ ಹಾಕಿದ್ ಯಾವ ಬಾಲ್ ಮ್ಯಾಲೂ ನಂಬಿಕೆ ಬರ್ಲಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ಬಂತು, ಅವನೆದುರೇ ಸೆರಗಿನಲ್ಲಿ ಒರೆಸಿಕೊಂಡೆ. ಕಪ್ ಬಗ್ಗೆ ಸಮಿತಿಗೆ ಹೇಳುತ್ತೇನೆ ಎಂದೆ.

“ಕಪ್ ಬ್ಯಾಡ್ರಿ, ಅದು ನಿಮ್ಮೂರೋರತ್ರನೇ ಇರ್ಲಿ. ಪುಸ್ತಕದಾಗೆ ಆ ಒಂದ್ ಪಾಯಿಂಟ್ ಬರೀರಿ ಸಾಕು.”

ಬರೆದೆ. ಮೂರನೇ ಸೀಸನ್, ಫೈನಲ್, ಅರವತ್ತೊಂದು–ಅರವತ್ತೊಂದು. ಅಂಕ ಬರೆದವಳ ತಪ್ಪಿನಿಂದ ಆಟ ಐದು ನಿಮಿಷ ಮೊದಲೇ ನಿಂತಿತು. ಸಮಿತಿಯವರು ಹಳೆಯದನ್ನು ಯಾಕೆ ಕೆದಕುತ್ತೀರಿ ಎಂದರು. ಹಾಗಾದರೆ ಬೇರೆಯವರಿಂದ ಬರೆಸಿಕೊಳ್ಳಿ ಎಂದೆ. ಹಾಗೆಯೇ ಅಚ್ಚಿಗೆ ಕಳಿಸಿದರು.

ಹತ್ತನೇ ಸೀಸನ್ನಿನ ಎರಡನೇ ಭಾನುವಾರ ಹರಿಹರದಲ್ಲೇ ಪಂದ್ಯ. ನಾಯಕ ಮಂಡಿಗೆ ಪಟ್ಟಿ ಬಿಗಿದುಕೊಂಡು ಕೊನೆಯ ಹತ್ತು ನಿಮಿಷಕ್ಕೆ ಇಳಿದ. ಇಳಿದವನು ಮೊದಲ ಬಾಲಿಗೇ ಮೂವರ ನಡುವೆ ರಿಂಗಿನ ಕೆಳಗೆ ನುಗ್ಗಿದ. ಸಿಳ್ಳೆ ಬಿತ್ತು. ಎರಡು ಫ್ರೀ ಥ್ರೋ.

ಮೊದಲನೆಯದು ಒಳಗೆ ಹೋಯಿತು. ರೆಫರಿ ಎರಡನೆಯದಕ್ಕೆ ಬಾಲ್ ಚಾಚಿದರೂ ಅವನು ತೆಗೆದುಕೊಳ್ಳಲಿಲ್ಲ. ಗೆರೆಯ ಮೇಲೆ ನಿಂತು ನಮ್ಮ ಮೇಜಿನ ಕಡೆ ನೋಡಿದ. ನಾನು ಚುಕ್ಕೆ ಇಟ್ಟೆ, ಚೆನ್ನಾಗಿ ತುಂಬಿದೆ, ಹಾಳೆಯನ್ನು ಎತ್ತಿ ಅವನ ಕಡೆಗೆ ತಿರುಗಿಸಿದೆ. ಅಷ್ಟು ದೂರದಿಂದ ಕಾಣುವಂಥದ್ದಲ್ಲ ಅದು. ಆದರೂ ನೋಡಿ ತಲೆಯಾಡಿಸಿ, ಬಾಲ್ ಕೇಳಿದ.