ಅವಳ ಹೊಸ್ತಿಲು, ನಮ್ಮ ಬಾಗಿಲು

ಅಣೆಕಟ್ಟಿನ ಹಿನ್ನೀರಿನಲ್ಲಿ ಬಾಗಲಕೋಟೆ ಮುಳುಗುತ್ತದೆಂಬ ಮಾತು ಗಟ್ಟಿಯಾದ ಮೇಲೆ ನಮ್ಮೂರಲ್ಲಿ ಮನೆಗೆ ಬೆಲೆ ಎಂಬುದೇ ಉಳಿಯಲಿಲ್ಲ. ಎಂಬತ್ತರ ದಶಕದ ಮಾತು ಇದು. ನದಿ ಇನ್ನೂ ತನ್ನ ಪಾಡಿಗೆ ತಾನಿತ್ತು, ಆದರೆ ಜನರ ಮಾತಿನಲ್ಲಿ ಆಗಲೇ ನೀರು ನಿಂತಿತ್ತು. ಹೆಣ್ಣು ಕೊಡಲು ಬಂದವರು ಹುಡುಗನ ನೌಕರಿ ಕೇಳುವ ಮುಂಚೆ, "ಮನಿ ಮುಳುಗಡಿಯೊಳಗ ಬರ್ತೈತೇನ್ರಿ?" ಎಂದು ಕೇಳುತ್ತಿದ್ದರು. ಮನೆ ಮಾರುತ್ತೇವೆಂದರೆ ಬರುತ್ತಿದ್ದವರು ಕಟ್ಟಿಗೆ ವ್ಯಾಪಾರಿಗಳಷ್ಟೇ. ಅವರು ಗೋಡೆಯ ಕಡೆ ನೋಡುತ್ತಲೂ ಇರಲಿಲ್ಲ. ಕಂಬಕ್ಕೆ ಉಗುರು ಒತ್ತಿ, ತೊಲೆಗೆ ಕೋಲು ಬಡಿದು, ಸಾಗವಾನಿಯಷ್ಟಕ್ಕೇ ದರ ಹೇಳಿ ಹೋಗುತ್ತಿದ್ದರು.

ನಮ್ಮಪ್ಪನದು ಕಿರಾಣಿ ಅಂಗಡಿ. ಊರಲ್ಲಿ ಅವನಿಗೆ ದೊಡ್ಡ ಮನುಷ್ಯನೆಂಬ ಹೆಸರಿತ್ತು. ಹಾಗೆ ಹೆಸರಿಟ್ಟವರು ಯಾರೂ ಅವನ ಜೊತೆ ಗೋಡೆ ಹಂಚಿಕೊಂಡು ಬಾಳಿರಲಿಲ್ಲ. ಹಂಚಿಕೊಂಡಿದ್ದವಳು ಪಕ್ಕದ ಮನೆಯ ವಿಧವೆ. ಒಂದು ಎಮ್ಮೆ, ಒಂದು ಮನೆ, ಅಷ್ಟೇ ಅವಳ ಬದುಕು. ಮನೆ ಮಾತ್ರ ಭರ್ಜರಿ: ಪಡಸಾಲೆಯಲ್ಲಿ ಸಾಗವಾನಿ ಕಂಬಗಳು, ಎದುರಿಗೆ ಬಳ್ಳಿ ಕೆತ್ತಿದ ದೊಡ್ಡ ಬಾಗಿಲು. ನಮ್ಮ ಮನೆಯದು ಬರೀ ಬೇವಿನ ಕಟ್ಟಿಗೆ. ಅವಳು ಅಪ್ಪನನ್ನು ತಮ್ಮಾ ಎಂದು ಕರೆಯುತ್ತಿದ್ದಳು. ನಾಗರಪಂಚಮಿಯ ಮೊದಲ ಉಂಡಿ ಅವಳ ಮನೆಯಿಂದ ನಮ್ಮ ಮನೆಗೇ ಬರುತ್ತಿತ್ತು.

ನಾನಾಗ ಕಾಲೇಜಿನಲ್ಲಿದ್ದೆ, ಸಂಜೆ ಅಂಗಡಿಯಲ್ಲಿ ಕೂರುತ್ತಿದ್ದೆ. ಒಂದು ದಿನ ಬೆಲ್ಲ ಕೊಳ್ಳಲು ಬಂದ ಮುಳುಗಡೆ ಕಚೇರಿಯ ಪರಿಚಯದ ಗುಮಾಸ್ತರೊಬ್ಬರು ಅಪ್ಪನಿಗೆ, "ಪರಿಹಾರಕ್ಕ ಮನಿ ಅಳಿಯಾಕ ಬರ್ತಾರ್ರಿ. ಕಂಬಾ, ಬಾಗಲಾ ಎಲ್ಲಾ ಲೆಕ್ಕಕ್ಕ ಹಿಡೀತಾರ" ಎಂದರು. ಅಪ್ಪ ಅವರಿಗೆ ಬೆಲ್ಲದ ಮೇಲೆ ಇನ್ನೊಂದು ಉಂಡೆ ಇಟ್ಟು ಕಳಿಸಿದ. ಅಂಗಡಿಯ ಬಾಗಿಲು ಹಾಕಿದವನು ಮನೆಗೆ ಬರದೆ ನೇರವಾಗಿ ಅವಳ ಪಡಸಾಲೆಗೆ ಹೋಗಿ ಕೂತ. ನಾನೂ ಜೊತೆಗಿದ್ದೆ.

"ಬರೂ ಮಳಿಗಾಲಕ್ಕ ನೀರು ಹೊಸ್ತಲಾ ದಾಟ್ತಾವಕ್ಕಾ. ತೊಯ್ದ ಕಟಗಿ ಯಾರ ತೊಗೊಂತಾರ? ಕಂಬಾ, ಬಾಗಲಾ ನನಗ ಕೊಡು. ಜಾಲಿ ಕಂಬಾ ನಿಲ್ಲಿಸಿ ಕೊಡ್ತೇನಿ, ಇರೂತನಕ ಇರು."

ಅವಳು ಬಾಗಿಲ ಕಡೆ ನೋಡಿದಳು. "ಹೊಸ್ತಲಾ ಅಷ್ಟ ಬಿಡು ತಮ್ಮಾ" ಎಂದಳು. ಅಮಾವಾಸ್ಯೆಗೊಮ್ಮೆ ಹೊಸ್ತಿಲು ತೊಳೆದು ಅರಿಶಿನ ಹಚ್ಚಿ ಪೂಜೆ ಮಾಡುವುದನ್ನು ಅವಳು ಗಂಡ ಸತ್ತ ಮೇಲೂ ಬಿಟ್ಟಿರಲಿಲ್ಲ.

"ಹೊಸ್ತಲಾ ಬಿಟ್ರ ಚೌಕಟ್ಟ ಹೆಂಗ ನಿಲ್ತೈತಕ್ಕಾ?" ಎಂದು ಅಪ್ಪ ನಕ್ಕ.

ಕಟ್ಟಿಗೆ ವ್ಯಾಪಾರಿಗಳು ಹೇಳುತ್ತಿದ್ದದ್ದಕ್ಕಿಂತಲೂ ಕಡಿಮೆ ದರಕ್ಕೆ, ತಮ್ಮನೆಂಬ ಒಂದೇ ಕಾರಣಕ್ಕೆ ಕೊಟ್ಟಳು. ವಾರದೊಳಗೆ ಅವಳ ಕಂಬಗಳು ನಮ್ಮ ಪಡಸಾಲೆಯಲ್ಲಿ ನಿಂತವು, ಅವಳ ಬಾಗಿಲು ಹೊಸ್ತಿಲ ಸಮೇತ ನಮ್ಮ ಬಾಗಿಲಾಯಿತು. ಅವಳಿಗೆ ಉಳಿದದ್ದು ತಗಡಿನ ಕದ.

ಅಮಾವಾಸ್ಯೆಯ ಬೆಳಿಗ್ಗೆ ಅವಳು ತಂಬಿಗೆ ಹಿಡಿದು ನಮ್ಮ ಅಂಗಳಕ್ಕೆ ಬಂದಳು. ಹೊಸ್ತಿಲು ತೊಳೆದು, ಅರಿಶಿನ ಹಚ್ಚಿ, ಕೈಮುಗಿದು ಹೋದಳು. ಅಪ್ಪ ಅಂದ: "ಹೆಂಗೂ ಬರ್ತಾಳ, ಅಂಗಳಾನೂ ಕಸಾ ಹೊಡೀಲಿ." ಹೊಡೆದಳು. ಹೊಸ್ತಿಲು ಮುಟ್ಟಲು ಬಿಟ್ಟರೆ ಸಾಕಾಗಿತ್ತು ಅವಳಿಗೆ. ಅಪ್ಪನ ಮೇಲಿನ ನನ್ನ ಸಿಟ್ಟು ಅಂದು ಹುಟ್ಟಿದ್ದು, ಅವನು ಸತ್ತ ಮೇಲೂ ಇಳಿದಿಲ್ಲ.

ಆ ಮಳೆಗಾಲಕ್ಕೆ ನದಿ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಬಂದದ್ದು ಮಳೆ ಮಾತ್ರ. ಜಾಲಿ ಕಂಬಗಳು ವಾಲಿ ಅವಳ ಮಣ್ಣಿನ ಮಾಳಿಗೆ ಗೋಡೆಯ ಸಮೇತ ಅರ್ಧ ಕುಸಿಯಿತು. ಅವಳು ಎಮ್ಮೆಯ ಜೊತೆ ಕೊಟ್ಟಿಗೆಯಲ್ಲಿ ಮಲಗತೊಡಗಿದಳು.

ಅಳೆಯುವವರು ಬಂದದ್ದು ಒಂದು ಅಮಾವಾಸ್ಯೆಯ ದಿನವೇ. ಅವಳು ಹೊಸ್ತಿಲಿಗೆ ಅರಿಶಿನ ಹಚ್ಚುತ್ತ ಕೂತಿದ್ದಳು. ಸಾಹೇಬರು ಚೌಕಟ್ಟಿನ ಬಳ್ಳಿಯ ಮೇಲೆ ಕೈಯಾಡಿಸಿ, "ಭಾಳ ಛಲೋ ಕೆತ್ತನಿ. ಯಾರ ಕಾಲದ್ದು?" ಎಂದರು.

"ನಮ್ಮ ಮುತ್ಯಾನ ಕಾಲದ್ದರಿ" ಎಂದ ಅಪ್ಪ.

ಅವಳು ತಲೆ ಎತ್ತಿದಳು. ಅರಿಶಿನದ ಕೈ ಹಾಗೇ ನಿಂತಿತು.

"ಈಕಿ ಯಾರು?"

"ಕಸಾ ಹೊಡ್ಯಾಕಿರಿ."

ಸಾಹೇಬರು ಅವಳನ್ನು ದಾಟಿ ಒಳಗೆ ಬಂದು ಕಂಬ ಎಣಿಸಿದರು. ಆಮೇಲೆ ಪಕ್ಕದ ಮನೆಗೆ ಹೋದರು. ಅಲ್ಲಿ ಎಣಿಸಲು ಏನೂ ಇರಲಿಲ್ಲ. ಕುಸಿದ ಗೋಡೆಗೆ ಹಿಡಿಯುವ ಬೆಲೆ ಹಿಡಿದು ಬೇಗನೆ ಹೊರಬಂದರು.

ಅವರು ಓಣಿ ದಾಟಿದ ಮೇಲೆ ಅವಳು ಕೇಳಿದಳು: "ಇವರು ಬರ್ತಾರಂತ ನಿನಗ ಮೊದಲ ಗೊತ್ತಿತ್ತೇನೋ ತಮ್ಮಾ?"

"ಮಾರಿದ ಮ್ಯಾಲೆ ಮಾತ್ಯಾಕಕ್ಕಾ?" ಎಂದು ಅಪ್ಪ ಚಪ್ಪಲಿ ಮೆಟ್ಟಿಕೊಂಡ.

ಅವಳು ಸೆರಗಿನ ತುದಿಯಿಂದ ಹೊಸ್ತಿಲಿನ ಹಸಿ ಅರಿಶಿನವನ್ನೆಲ್ಲ ಒರೆಸಿ, ತಂಬಿಗೆ ಎತ್ತಿಕೊಂಡು ಹೋದಳು.

ಮುಂದಿನ ಅಮಾವಾಸ್ಯೆಗೆ ಬರಲಿಲ್ಲ. ಅಂಗಡಿಗೆ ಹೊರಟ ಅಪ್ಪ ಬಾಗಿಲಲ್ಲಿ ನಿಂತು ಒಣಗಿದ ಹೊಸ್ತಿಲನ್ನೂ ಅಂಗಳದ ಕಸವನ್ನೂ ನೋಡಿದ. ಅಡುಗೆಮನೆಯ ಕಡೆ ತಿರುಗಿ ಅವ್ವನಿಗೆ ಕೂಗಿ ಹೇಳಿದ:

"ಆಕಿ ಇನ್ನ ಬರೂದಿಲ್ಲಂತ ಕಾಣ್ತೈತಿ. ಕಸಾ ಹೊಡಿಯಾಕ ಬ್ಯಾರೆ ಯಾರನ್ನರ ನೋಡು."