ತುಳಸಿದಾನ ಅಂಗಡಿಯ ಜೋಳದ ಚೀಲ

ಅನಸೂಯಕ್ಕನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಆದರೆ ಆ ಶನಿವಾರದ ಸಿಟ್ಟಿಗೆ ಕಾರಣ ದೊಡ್ಡದೇ ಇತ್ತು. ಮೊಣಕಾಲಿನ ಆಪರೇಷನ್ ಆಗಿ ಮೂರು ತಿಂಗಳ ಮೇಲೆ ಮೊದಲ ಸಲ ಕೋಲೂರಿಕೊಂಡು ಕೊಲ್ಕತ್ತದ ಬೆಹಾಲಾದ ತನ್ನ ಗಲ್ಲಿಯ ಮೂಲೆಗೆ ಹೋದರೆ, ಎಲ್ಲರೂ ‘ದಾ’ ಎಂದು ಅಣ್ಣನಾಗಿಸಿಕೊಂಡ ಕಿರಾಣಿ ಅಂಗಡಿಯ ತುಳಸಿದಾ, "ಇನ್ನು ಮೇಲೆ ಜೋಳ ತರಿಸೋದಿಲ್ಲ ಬೌದಿ" ಅಂದುಬಿಟ್ಟ.

ಇಪ್ಪತ್ತಾರು ವರ್ಷದಿಂದ ಆಕೆಯನ್ನು ಬೌದಿ, ಅಂದರೆ ಅತ್ತಿಗೆ, ಎಂದು ಕರೆದವನು. ಹತ್ತು ರೂಪಾಯಿಯ ಸಾಸಿವೆ ಎಣ್ಣೆ ಕೇಳಿದವರಿಗೂ ಮುಖ ಸಿಂಡರಿಸದೆ ಬಾಟಲಿಗೆ ಅಳೆದು ಹಾಕುವವನು. ಧಾರವಾಡದಿಂದ ಬಂದ ಹೊಸದರಲ್ಲಿ ಅನ್ನ ತಿಂದು ತಿಂದು ಬೇಸತ್ತ ಆಕೆಗಾಗಿ ಬಡಾಬಜಾರಿನಿಂದ ಜೋಳದ ಚೀಲ ತರಿಸಿದವನು. ಆಮೇಲೆ ಸುತ್ತಲಿನ ಐದಾರು ಕನ್ನಡದ ಮನೆಗಳೂ ಸೇರಿ ತಿಂಗಳಿಗೊಂದು ಚೀಲ ಖಾಲಿಯಾಗುತ್ತಿತ್ತು. ಪಕ್ಕದ ಗಿರಣಿಯಲ್ಲಿ ಬೀಸಿಸಿಯೂ ಕೊಡುತ್ತಿದ್ದ.

"ಯಾರೂ ಒಯ್ಯಲಿಲ್ಲ. ನೋಡಿ, ಹುಳ ಬಿತ್ತು," ಎಂದು ಆತ ಚೀಲದ ಬಾಯಿ ಬಿಚ್ಚಿ ತೋರಿಸಿದ.

ಅನಸೂಯಕ್ಕನ ಸಿಟ್ಟು ನೆತ್ತಿಗೇರಿತು. ಮೆಟ್ಟಿಲ ಬಳಿ ಸಿಕ್ಕ ಮೇಲಿನ ಮನೆಯ ಸ್ಫೂರ್ತಿಯನ್ನು ಅಲ್ಲೇ ತಡೆದು ನಿಲ್ಲಿಸಿದಳು. ಬೆಂಗಳೂರಿನ ಹುಡುಗಿ, ಭಾನುವಾರ ತಪ್ಪದೆ ರೊಟ್ಟಿಗೆ ಬರುವವಳು.

"ರೊಟ್ಟಿ ತಿನ್ನಾಕ ನನ್ನ ಮನಿ ಬೇಕು, ಜೋಳ ಕೊಳ್ಳಾಕ ತುಳಸಿದಾನ ಅಂಗಡಿ ಬ್ಯಾಡೇನ? ನಾಚಿಕಿ ಆಗೂದಿಲ್ಲ ನಿಮಗ?"

ಸ್ಫೂರ್ತಿ ಮೆಲ್ಲಗೆ ಹೇಳಿದಳು: "ಆಂಟಿ, ನಾವು ಆ್ಯಪಲ್ಲಿ ತರಿಸೋದು ನಿಜ. ಆದ್ರೆ ಅದನ್ನ ನಮಗೆ ತೋರಿಸಿಕೊಟ್ಟಿದ್ದೇ ನಿಮ್ಮ ಸಚಿನ್."

ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಕಂಡವರ ತಟ್ಟೆಯ ನೊಣಕ್ಕೆ ಬೆರಳು ತೋರಿಸಿದಂತಾಯಿತು. ಮನೆಗೆ ಬಂದವಳೇ ಹಿಟ್ಟಿನ ಡಬ್ಬಿಯನ್ನು ಮಗನೆದುರು ಕುಕ್ಕಿದಳು.

"ಇದು ಎಲ್ಲೀ ಹಿಟ್ಟೋ?"

ಕೊಲ್ಕತ್ತದಲ್ಲೇ ಹುಟ್ಟಿ ಬೆಳೆದ ಸಚಿನ್ ಫೋನಿನಿಂದ ತಲೆಯೆತ್ತಲಿಲ್ಲ. "ಆನ್‌ಲೈನ್ ಅವ್ವಾ. ಟೆನ್ ಮಿನಿಟ್ಸ್‌ನ್ಯಾಗ ಬರ್ತದ. ಪ್ಯಾಕೆಟ್ ಒಡದು ಡಬ್ಬಿಗೆ ಹಾಕ್ತಿದ್ದೆ."

ಮೂರು ತಿಂಗಳು ರೊಟ್ಟಿ ತಟ್ಟುವಾಗ ಅಂಚು ಹರಿಯುತ್ತಿತ್ತು. ಆಕೆ ಹಿಟ್ಟನ್ನು ದೂರಲಿಲ್ಲ, ತನ್ನ ಕೈ ಸೋತಿತೆಂದು ಅತ್ತಿದ್ದಳು. ಎದುರಿಗೇ ಕೂತು ತಿನ್ನುತ್ತಿದ್ದ ಮಗ ಒಂದು ಮಾತು ಹೇಳಿರಲಿಲ್ಲ. ಅದು ನೆನಪಾದದ್ದೇ ತಡ, ಅವನ ಕೈಯಿಂದ ಫೋನು ಕಿತ್ತುಕೊಂಡಳು.

"ಏಳು. ಮೊರಾ ತಗೋ, ನಡಿ."

ಮಟಮಟ ಮಧ್ಯಾಹ್ನ. ತುಳಸಿದಾ ಬಾಗಿಲೆಳೆದು ಮಲಗಲು ಹೊರಟಿದ್ದ. ಅನಸೂಯಕ್ಕ ಹುಳ ಬಿದ್ದ ಚೀಲವನ್ನು ಕಟ್ಟೆಯ ಮೇಲೆ ಎಳೆಸಿ ಮಗನನ್ನು ಅದರ ಮುಂದೆ ಕೂರಿಸಿದಳು.

"ಹಸನ ಮಾಡು. ಹತ್ತು ಮಿನಿಟಿನ್ಯಾಗ ಆಗ್ತದೇನು ನೋಡೂಣು."

ತಾನೂ ನೋಯುವ ಕಾಲನ್ನು ಉದ್ದಕ್ಕೆ ಚಾಚಿ ಇನ್ನೊಂದು ಮೊರ ಹಿಡಿದಳು. ಮೂರು ತಿಂಗಳು ಮನೆಯೊಳಗೇ ಇದ್ದವಳು ಅಂಗಡಿಗೆ ಒಂದು ಫೋನನ್ನಾದರೂ ಮಾಡಬಹುದಿತ್ತು. ಆ ಸಿಟ್ಟು ಮಾತ್ರ ತನ್ನ ಮೇಲೆಯೇ ಇತ್ತು, ಅದನ್ನು ತೀರಿಸಿಕೊಳ್ಳಲು ಬೇರೆ ಯಾರೂ ಸಿಗಲಿಲ್ಲ.

ತುಳಸಿದಾ ನಿದ್ದೆ ಬಿಟ್ಟು ನೋಡುತ್ತ ಕೂತ. ನಾಲ್ಕು ಗಂಟೆಯ ಹೊತ್ತಿಗೆ, "ಮುಂದಿನ ತಿಂಗಳು ಅರ್ಧ ಚೀಲ ತರಿಸ್ತೇನೆ ಬೌದಿ," ಎಂದ.

ಪೂರ್ತಿ ಚೀಲ ಯಾಕಿಲ್ಲ ಎಂದು ಜಗಳಕ್ಕೆ ನಿಲ್ಲುವ ಹೆಂಗಸು, ಅವತ್ತು ತಲೆ ತಗ್ಗಿಸಿ ಜೋಳ ಕೇರುತ್ತಲೇ ಇದ್ದಳು.